ಮಿಂಚಿನ ಕತ್ತರಿ ಬರಲಿ. ಕೊಬ್ಬರಿ ಅಟ್ಟದ ಕೆಳಗೆ ಬೇಡ!

ಅರಸೀಕೆರೆಯಲ್ಲಿ ಒಂದು ಹೊಸ ಮಳಿಗೆಗೆ ಗೇಟು ಬೇಕು ಅಂದ್ರೆ ಈಗ ಏನಾಗುತ್ತೆ? ಗಿರಾಕಿ ಮೊಬೈಲು ತೆಗೆದು ಒಂದು ಚಿತ್ರ ತೋರಿಸುತ್ತಾನೆ. ಸುತ್ತ ಬಳ್ಳಿ, ಮೇಲೆರಡು ನವಿಲು, ನಡುವೆ ಅಂಗಡಿಯ ಹೆಸರು. ಗ್ರಿಲ್ ಕೆಲಸದವನು ತಲೆ ಕೆರೆದುಕೊಂಡು, “ಆಗುತ್ತೆ ಸ್ವಾಮಿ, ತಗಡು ಹೊರಗಡೆ ಕತ್ತರಿಸಿಕೊಂಡು ಬರಬೇಕು, ಎಂಟು ದಿವಸ ಬಿಡಿ” ಅನ್ನುತ್ತಾನೆ. ತಗಡು ಹಾಸನಕ್ಕೋ, ತುಮಕೂರಿಗೋ, ಬೆಂಗಳೂರಿನ ಪೀಣ್ಯಕ್ಕೋ ಹೋಗುತ್ತದೆ. ಕತ್ತರಿಸಿದ ಕೂಲಿ ಅಲ್ಲೇ ಉಳಿಯುತ್ತದೆ, ಲಗೇಜಿನ ಬಾಡಿಗೆ ದಾರಿಯಲ್ಲಿ ಉಳಿಯುತ್ತದೆ. ಊರಿನವನ ಪಾಲಿಗೆ ಉಳಿಯುವುದು ಬೆಸುಗೆಯ ಹೊಗೆ ಮಾತ್ರ!

ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿನವರೆಗೆ ರಸ್ತೆ ಬದಿ ವೆಲ್ಡಿಂಗ್ ಶೆಡ್ಡು ಇಟ್ಟವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಐಟಿಐ ಮುಗಿಸಿದ ಹುಡುಗರಿಗೆ ಒಂದು ಆಸೆ: ಮನೆಯ ಹಿತ್ತಲಲ್ಲೇ ಒಂದು ಕಂಪ್ಯೂಟರ್ ಪ್ಲಾಸ್ಮಾ ಕಟರ್ ಹಾಕಿಬಿಡೋಣ ಅಂತ. ಆಸೆ ಖಂಡಿತ ತಪ್ಪಲ್ಲ. ಆದರೆ “ಹಾಕಿಬಿಡೋಣ” ಅನ್ನೋ ಮಾತಿನಲ್ಲೇ ಅಪಾಯ ಕೂತಿದೆ.

ಏನಿದು ಯಂತ್ರ?

ಒತ್ತಡದ ಗಾಳಿಯನ್ನು ತಾಮ್ರದ ಸಣ್ಣ ಮೂತಿಯಿಂದ ಬಿಟ್ಟು, ಅದರೊಳಗೆ ವಿದ್ಯುತ್ತಿನ ಕಿಡಿ ಹಾಯಿಸಿದರೆ ಗಾಳಿ ಗಾಳಿಯಾಗಿ ಉಳಿಯೋದಿಲ್ಲ. ಕರೆಂಟು ಹರಿಯುವ ಉರಿಯಾಗುತ್ತದೆ. ಅದೇ ಪ್ಲಾಸ್ಮಾ. ಶಾಖ 20,000 ಡಿಗ್ರಿ ಆಸುಪಾಸು. ಆಕಾಶದ ಮಿಂಚೂ ಇದೇ ಜಾತಿ. ಕೆಳಗಿರುವ ಲೋಹ ಬೆಣ್ಣೆಯಂತೆ ಕರಗುತ್ತದೆ, ಗಾಳಿಯ ರಭಸ ಕರಗಿದ್ದನ್ನು ಊದಿಹಾಕುತ್ತದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಹುಟ್ಟಿದ ವಿದ್ಯೆ ಇದು. ಸ್ಟೇನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ ಕಂಡರೆ ಗ್ಯಾಸ್ ಕಟಿಂಗ್ ಕೈ ಚೆಲ್ಲುತ್ತದೆ. ಇದಕ್ಕೆ ಆ ಭೇದವಿಲ್ಲ. ಕರೆಂಟು ಹರಿಯುವ ಲೋಹ ಯಾವುದಾದರೂ ಸರಿ.

ಇನ್ನು ಕಂಪ್ಯೂಟರಿನ ಭಾಗ. ಎಂಟಡಿ, ನಾಲ್ಕಡಿಯ ತಗಡು ಹಿಡಿಸುವ ಒಂದು ಮೇಜು. ಅದರ ಮೇಲೆ ಹಳಿ, ಹಳಿಯ ಮೇಲೆ ಓಡಾಡುವ ಅಡ್ಡತೊಲೆ, ತೊಲೆಯಲ್ಲಿ ಆ ಮೂತಿ. ಬರೆದ ಚಿತ್ರವನ್ನು ಕಂಪ್ಯೂಟರು ಅಂಕಿಗಳ ಸಾಲು ಮಾಡಿ ಮೋಟಾರಿಗೆ ಹೇಳುತ್ತದೆ: ಇಷ್ಟು ಮಿಲಿಮೀಟರು ಪೂರ್ವಕ್ಕೆ, ಇಷ್ಟು ಉತ್ತರಕ್ಕೆ. ಇದಕ್ಕೆ ಬೇಕಾದ ತಂತ್ರಾಂಶ ಲಿನಕ್ಸ್‌ಸಿಎನ್‌ಸಿಯಂಥದ್ದು ಪುಕ್ಕಟೆಯಾಗೇ ಸಿಗುತ್ತದೆ. ಚೌಕಟ್ಟನ್ನು ಜಾಣ ವೆಲ್ಡರ್ ತಾನೇ ಕಟ್ಟಿಕೊಳ್ಳಬಹುದು. ಹುಡುಗರು ಉಬ್ಬುವುದು ಇಲ್ಲೇ.

ಆದರೆ ಸೂಕ್ಷ್ಮ ಬೇರೆ ಕಡೆ ಇದೆ. ಉರಿ ಕತ್ತರಿಸುವ ದಾರಿಗೇ ಸುಮಾರು ಒಂದೂವರೆ ಮಿಲಿಮೀಟರು ಅಗಲ ಇದೆ. ಅದರ ಅರ್ಧವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬೋಲ್ಟು ತೂತಿಗೆ ಕೂರೋದಿಲ್ಲ. ಶಾಖಕ್ಕೆ ತಗಡು ಹಪ್ಪಳದಂತೆ ಏಳುತ್ತದೆ. ಅದರ ಜೊತೆ ಮೂತಿಯೂ ಏರಿಳಿಯಬೇಕು. ಆ ಏರಿಳಿತವನ್ನು ಕಿಡಿಯ ವೋಲ್ಟೇಜು ನೋಡಿ ತಿದ್ದುವ ಒಂದು ಸಾಧನ ಬೇಕು. ಅದಿಲ್ಲದ ಯಂತ್ರ ಅರ್ಧ ಯಂತ್ರ. ಮೂತಿ ತಗಡಿಗೆ ಢಿಕ್ಕಿ ಹೊಡೆದರೆ ಒಂದೇ ಸಲಕ್ಕೆ ಬಿಡಿಭಾಗ, ತಗಡು ಎರಡೂ ಗುಜರಿಗೆ.

ಕರೆಂಟು, ಗಾಳಿ, ಭೂಮಿ

ಮನೆಗೆ ಮಂಜೂರಾದ ಲೋಡು ಸಾಮಾನ್ಯವಾಗಿ ಎಷ್ಟು? ಒಂದು, ಎರಡು, ಹೆಚ್ಚೆಂದರೆ ಮೂರು ಕಿಲೋವಾಟು. 45 ಆಂಪಿಯರಿನ ಸಣ್ಣ ಪ್ಲಾಸ್ಮಾ ಯಂತ್ರವೇ ಭರ್ತಿ ಓಡಿದಾಗ ಆರೇಳು ಕಿಲೋವಾಟು ಎಳೆಯುತ್ತದೆ. ಜೊತೆಗೆ ಮೂರು ಅಶ್ವಶಕ್ತಿಯ ಕಂಪ್ರೆಸರು, ಅದು ಇನ್ನೆರಡು ಕಿಲೋವಾಟಿಗೂ ಮೇಲೆ. ಗುಂಡಿ ಒತ್ತಿದ ಕ್ಷಣಕ್ಕೆ ಪಕ್ಕದ ದಿನಸಿ ಅಂಗಡಿಯ ದೀಪ ಕಣ್ಣು ಹೊಡೆಯುತ್ತೆ, ಎದುರುಮನೆಯ ಫ್ರಿಜ್ಜು ಗೊರಗುಟ್ಟುತ್ತೆ. ಜಗಳ ಶುರುವಾಗೋಕೆ ಇನ್ನೇನು ಬೇಕು? ಮನೆ ಮೀಟರಿನಲ್ಲಿ ಕಸುಬು ನಡೆಸುವುದು ನಿಯಮಕ್ಕೂ ವಿರುದ್ಧ, ತಂತಿಗೂ ವಿರುದ್ಧ. ಸೆಸ್ಕ್ ಕಚೇರಿಗೆ ಹೋಗಿ ಮೂರು ಫೇಸಿನ ಪ್ರತ್ಯೇಕ ಸಂಪರ್ಕ ಪಡೆಯದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಗಾಳಿಯದೂ ಒಂದು ತರಲೆ. ನಿಮಿಷಕ್ಕೆ ಸುಮಾರು 200 ಲೀಟರು ಗಾಳಿ ಬೇಕು, ಅದೂ ಒಣಗಿದ ಗಾಳಿ. ಅರಸೀಕೆರೆಯ ಬಯಲುಸೀಮೆಯ ಗಾಳಿ ಹೇಗೋ ನಡೆದೀತು. ಬೇಲೂರಿನ ಆಷಾಢದ ಗಾಳಿ? ಹಿಂಡಿದರೆ ನೀರು! ಆ ನೀರು ಕಂಪ್ರೆಸರಿನಿಂದ ಮೂತಿಗೆ ಬಂತು ಅಂದರೆ, ದಿನಗಟ್ಟಲೆ ಬಾಳಬೇಕಾದ ತಾಮ್ರದ ಬಿಡಿಭಾಗ ಗಂಟೆಗಳಲ್ಲೇ ತಿಂದುಹೋಗುತ್ತದೆ. ನೀರು ಹೀರುವ ಫಿಲ್ಟರು ಹಾಕದೆ ಉಳಿಸಿದ ದುಡ್ಡು ಬಿಡಿಭಾಗದ ಅಂಗಡಿಗೆ ಕಂತಿನಲ್ಲಿ ಹೋಗುತ್ತದೆ.

ಮೂರನೆಯದು ಅರ್ಥಿಂಗು. ಕಿಡಿ ಹೊತ್ತಿಸುವಾಗ ಕೆಲವು ಯಂತ್ರಗಳು ಅತಿ ವೇಗದ ತರಂಗ ಎಬ್ಬಿಸುತ್ತವೆ. ಅದು ಕಂಪ್ಯೂಟರಿನ ತಂತಿಗೆ ನುಗ್ಗಿದರೆ ಬಳ್ಳಿ ಬರೆಯಬೇಕಾದ ಮೂತಿ ಹಾವು ಬರೆಯುತ್ತದೆ. ಮೇಜಿಗೇ ಬೇರೆ ಸಲಾಕೆ ಹುಗಿದು, ಉಪ್ಪು ಇದ್ದಿಲು ಹಾಕಿ, ಸರಿಯಾದ ಭೂಸಂಪರ್ಕ ಕೊಡಬೇಕು. ತರಂಗದ ಬದಲು ಗಾಳಿಯ ಒತ್ತಡದಿಂದಲೇ ಕಿಡಿ ಹೊತ್ತುವ ಯಂತ್ರವಾದರೆ ಇನ್ನೂ ಕ್ಷೇಮ. ಕೊಳ್ಳುವಾಗಲೇ ಇದನ್ನು ಕೇಳಬೇಕು. ಮಾರುವವರು ತಾವಾಗಿ ಹೇಳುತ್ತಾರೆಂದು ಕಾಯುವುದು ಬೇಡ.

ಅಟ್ಟದ ಮೇಲೆ ಎಣ್ಣೆ, ಕೆಳಗೆ ಕಿಡಿ!

ಎಲ್ಲಕ್ಕಿಂತ ದೊಡ್ಡ ಮಾತು ಇದು. ಅರಸೀಕೆರೆ ಸೀಮೆಯ ಮನೆ ಅಂದರೆ ಅಟ್ಟದ ತುಂಬ ಕಾಯಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಕೊಬ್ಬರಿಯಲ್ಲಿ ಮೂರರಲ್ಲಿ ಎರಡು ಪಾಲು ಎಣ್ಣೆ. ಹಿತ್ತಲಲ್ಲಿ ಮಟ್ಟೆಯ ರಾಶಿ, ಪಕ್ಕದಲ್ಲಿ ಸೋಗೆ, ನಾರು, ಚಿಪ್ಪು. ಅಂಥ ಜಾಗದಲ್ಲಿ ಕರಗಿದ ಕಬ್ಬಿಣದ ಹನಿಗಳನ್ನು ಮಾರುಗಟ್ಟಲೆ ದೂರ ಚಿಮ್ಮಿಸುವ ಯಂತ್ರ ಇಡೋದು ಅಂದ್ರೆ ಏನರ್ಥ? ವರ್ಷದ ಬೆಳೆ, ಮನೆ, ಸಾಲದ ಯಂತ್ರ ಮೂರನ್ನೂ ಒಂದೇ ಕಿಡಿಗೆ ಒತ್ತೆ ಇಟ್ಟ ಹಾಗೆ.

ಮೇಜಿನ ಕೆಳಗೆ ನೀರಿನ ತೊಟ್ಟಿ ಇದ್ದರೆ ಕಿಡಿ, ಹೊಗೆ ಎರಡೂ ಬಹಳಷ್ಟು ತಗ್ಗುತ್ತವೆ. ಆದರೆ ಅಲ್ಯೂಮಿನಿಯಂ ಕತ್ತರಿಸುವವರು ಜೋಕೆ: ಅದರ ಪುಡಿ ನೀರಿನ ಜೊತೆ ಸೇರಿ ಜಲಜನಕ ಬಿಡುತ್ತದೆ, ತಗಡಿನಡಿ ಅದು ಕಟ್ಟಿಕೊಂಡರೆ ಸಿಡಿಯುತ್ತದೆ. ಸತುವಿನ ಲೇಪದ ತಗಡಿನ ಹೊಗೆ ಕುಡಿದವನಿಗೆ ಸಾಯಂಕಾಲಕ್ಕೆ ಚಳಿಜ್ವರ. ಬರಿಗಣ್ಣಿನಲ್ಲಿ ಉರಿ ನೋಡಿದರೆ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ. ವೆಲ್ಡರನಿಗೆ ಇದು ಗೊತ್ತು, ಕನ್ನಡಕ ಹಾಕುತ್ತಾನೆ. ಆದರೆ ಮನೆಯ ಹಿತ್ತಲಲ್ಲಿ ಆಡುವ ಮಕ್ಕಳಿಗೆ ಯಾರು ಕನ್ನಡಕ ಹಾಕುತ್ತಾರೆ?

ಬೇಲೂರು, ಹಳೇಬೀಡಿನ ಪೇಟೆಯವರಿಗೆ ಮತ್ತೊಂದು ಕಟ್ಟು. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಕಡ್ಡಾಯ. 2023ರ ಸೆಪ್ಟೆಂಬರಿನಲ್ಲಿ ಎರಡೂ ದೇವಸ್ಥಾನಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಜಗತ್ತಿನ ಕಣ್ಣು ಅಲ್ಲಿದೆ. ಗುಡಿಯ ಬೀದಿಯ ಹಿತ್ತಲಲ್ಲಿ ಶೀಟು ಹೊದಿಸಿ ಶೆಡ್ಡು ಎಬ್ಬಿಸುವ ಮೊದಲು ಟೇಪು ಹಿಡಿದು ಅಳೆಯೋದು ಒಳ್ಳೆಯದು.

ಹಾಗಾದರೆ ಬೇಡವೇ?

ಬೇಡ ಅನ್ನುವವರು ಒಮ್ಮೆ ಬೇಲೂರಿನ ಗುಡಿಯೊಳಗೆ ಹೋಗಿ ಕಂಬಗಳನ್ನು ನೋಡಿ ಬರಲಿ. ಆ ನುಣುಪು ದುಂಡು ಕಂಬಗಳನ್ನು ತಿರುಗಣೆಗೆ ಏರಿಸಿ ಕಡೆದರು ಅಂತ ಬಲ್ಲವರು ಹೇಳುತ್ತಾರೆ. ಅಂದರೆ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಮನೆಯಲ್ಲೇ ಯಂತ್ರದ ಕೆಲಸ ಇದೆ! ದುಂಡಗೆ ಮಾಡೋದನ್ನು ತಿರುಗಣೆಗೆ ಬಿಟ್ಟರು. ಮದನಿಕೆಯ ಮುಗುಳ್ನಗೆಯನ್ನು ಕೈಯಲ್ಲೇ ಉಳಿಸಿಕೊಂಡರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದರು. ಯಂತ್ರ ಬಂದರೆ ಕಸುಬು ಸಾಯುತ್ತೆ ಅನ್ನೋ ಮಾತು ಈ ಸೀಮೆಗೆ ಒಪ್ಪುವಂಥದ್ದಲ್ಲ. ಸಾಯೋದು ಯಾವಾಗ ಅಂದರೆ, ದುಡ್ಡು ಕೊಟ್ಟು ತಂದ ನವಿಲಿನ ಚಿತ್ರವನ್ನೇ ಊರೆಲ್ಲ ಕತ್ತರಿಸಿ, ಸ್ವಂತದ ಒಂದು ಗೆರೆಯನ್ನೂ ಎಳೆಯದೆ ಕೂತಾಗ.

ಇನ್ನು ವ್ಯಾಪಾರದ ಲೆಕ್ಕ. 6 ಮಿಲಿಮೀಟರು ದಪ್ಪದ ತಗಡನ್ನು ಇದು ನಿಮಿಷಕ್ಕೆ ಒಂದು ಮೀಟರಿಗೂ ಹೆಚ್ಚು ಕತ್ತರಿಸುತ್ತದೆ. ಇಪ್ಪತ್ತು ಮೀಟರು ಗೆರೆಯ ಒಂದು ಗೇಟಿನ ಕತ್ತರಿ ಕೆಲಸ ಇಪ್ಪತ್ತು ನಿಮಿಷದೊಳಗೆ ಮುಗಿದೀತು. ಆಮೇಲೆ? ಒಂದು ಅಂಗಡಿಗೆ ವಾರಕ್ಕೆ ಬರುವ ಗೇಟು ಎಷ್ಟು? ಉಳಿದ ದಿನವೆಲ್ಲ ಯಂತ್ರ ಮಲಗಿರುತ್ತೆ, ಬ್ಯಾಂಕಿನ ಬಡ್ಡಿ ಮಾತ್ರ ಭಾನುವಾರವೂ ಮಲಗೋದಿಲ್ಲ. ಮೇಲಾಗಿ ಪಟ್ಟಣಗಳಲ್ಲಿ ಈಗ ಲೇಸರ್ ಯಂತ್ರಗಳು ಬಂದಿವೆ. ತೆಳು ತಗಡಿನ ನಾಜೂಕು ಜಾಲಿ ಕೆಲಸದಲ್ಲಿ ಅವುಗಳ ಜೊತೆ ಪ್ಲಾಸ್ಮಾ ಪಂದ್ಯ ಕಟ್ಟಬಾರದು. ಅದರ ನಿಜವಾದ ಅನ್ನ ಇರೋದು ದಪ್ಪ ತಗಡಿನಲ್ಲಿ: ಟ್ರೈಲರಿನ ಪಟ್ಟಿ, ನೇಗಿಲಿನ ತಗಡು, ಕಾಯಿ ಸುಲಿಯುವ ಯಂತ್ರದ ಭಾಗ, ಕಂಬದ ಅಡಿಯ ಪ್ಲೇಟು. ಇವತ್ತು ಮುರಿದದ್ದು ಇವತ್ತೇ ಬೇಕು ಅನ್ನೋ ರೈತ ಪೀಣ್ಯದವರೆಗೆ ಹೋಗೋಲ್ಲ.

ಸರ್ಕಾರದ ನೆರವು ಇಲ್ಲವೇ ಅಂದರೆ, ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಕಮ್ಮಾರಿಕೆಯೂ ಶಿಲ್ಪವೂ ಸೇರಿ. ಸಲಕರಣೆಗೆ 15,000 ರೂಪಾಯಿ, ಎರಡು ಕಂತಿನಲ್ಲಿ ಒಟ್ಟು 3 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ. ಸುತ್ತಿಗೆ, ಅಡಿಗಲ್ಲಿಗೆ ಇದು ಧಾರಾಳ. ಆದರೆ ಯಂತ್ರ, ಕಂಪ್ರೆಸರು, ಮೂರು ಫೇಸು, ನೀರಿನ ತೊಟ್ಟಿ, ಬೆಂಕಿಗೆ ದೂರವಾದ ಶೆಡ್ಡು ಎಲ್ಲ ಸೇರಿದರೆ ಒಬ್ಬ ಹುಡುಗನ ಬೆನ್ನಿಗೆ ಅದು ಭಾರ.

ಒಂದೂರಿಗೆ ಒಂದು ಸಾಕು

ದಾರಿ ಇಲ್ಲದಿಲ್ಲ. ಊರಿನ ಐದಾರು ಗ್ರಿಲ್ ಅಂಗಡಿಯವರು ಒಟ್ಟಾಗಲಿ. ಊರಾಚೆ, ಕೊಬ್ಬರಿ ಮಟ್ಟೆ ಇಲ್ಲದ ಜಾಗದಲ್ಲಿ, ಮೂರು ಫೇಸಿನ ಮೀಟರು ಹಾಕಿಸಿ ಒಂದೇ ಯಂತ್ರ ಇಡಲಿ. ಗಂಟೆಯ ಲೆಕ್ಕದಲ್ಲಿ ಕೂಲಿ ಹಂಚಿಕೊಳ್ಳಲಿ. ಸೋಮವಾರ ಒಬ್ಬನ ಗೇಟು, ಮಂಗಳವಾರ ಇನ್ನೊಬ್ಬನ ಟ್ರೈಲರು. ಯಂತ್ರಕ್ಕೂ ಬಿಡುವಿಲ್ಲ, ಸಾಲಕ್ಕೂ ಹೆದರಿಕೆ ಇಲ್ಲ. ಕಲಿಯುವುದಕ್ಕೆ ಹಾಸನದಲ್ಲಿ ಸರ್ಕಾರಿ ಉಪಕರಣಾಗಾರ ತರಬೇತಿ ಕೇಂದ್ರವಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು 2022ರಲ್ಲಿ ಕಂಪ್ಯೂಟರ್ ಯಂತ್ರಗಳ ಸಮೇತ ಮೇಲ್ದರ್ಜೆಗೆ ಏರಿಸಿದ್ದಾಯಿತು. ಸಂಜೆ ನಾಲ್ಕೂವರೆಗೆ ಅವುಗಳ ಬಾಗಿಲಿಗೆ ಬೀಗ ಬೀಳದೆ, ಕಸುಬಿನ ಹುಡುಗರಿಗೆ ಸಂಜೆ ಎರಡು ತಾಸು ತೆರೆದಿದ್ದರೆ ಸರ್ಕಾರದ ಗಂಟೇನು ಹೋಗುತ್ತೆ?

ಒಟ್ಟಾಗೋದು ಅಂದರೆ ಈ ಊರುಗಳಲ್ಲಿ ಕಷ್ಟದ ಮಾತು, ನಿಜ. ಎದುರೆದುರು ಅಂಗಡಿಯವರು ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದರೂ ಒಂದೇ ಖಾತೆಯಲ್ಲಿ ದುಡ್ಡು ಇಡೋಲ್ಲ. ಆದರೆ ಹೀಗೇ ಬಿಟ್ಟರೆ ಆಗೋದು ಎರಡರಲ್ಲಿ ಒಂದು: ತಗಡು ಹೊರಗೆ ಹೋಗಿ ಬರುತ್ತಲೇ ಇರುತ್ತದೆ, ಇಲ್ಲವೇ ಯಾರದೋ ಅಟ್ಟಕ್ಕೆ ಕಿಡಿ ಹಾರುತ್ತದೆ. ಸೆಸ್ಕಿನವರು, ಪುರಸಭೆ ನಗರಸಭೆಯವರು, ಬ್ಯಾಂಕಿನವರು ಒಂದು ಮೇಜಿನ ಸುತ್ತ ಕೂತು ಜಾಗ, ಮೀಟರು, ಸಾಲ ಮೂರನ್ನೂ ಒಟ್ಟಿಗೆ ಗೊತ್ತುಮಾಡಲಿ. ಅದಕ್ಕೆ ಮುಂಚೆ ಗ್ರಿಲ್ ಅಂಗಡಿಯವರೇ ಒಂದು ಸಂಜೆ ಒಟ್ಟಿಗೆ ಕೂತರೆ, ಅರ್ಧ ಕೆಲಸ ಕಾಫಿ ಆರುವುದರೊಳಗೆ ಮುಗಿದೀತು.