ಅರಿವು ಆಚಾರವಾಗದಿದ್ದರೆ

ಅರಿವು ಆಚಾರಕ್ಕೆ ಇಳಿಯದಿದ್ದರೆ ಒದಗುವ ಅನಾಹುತಕ್ಕೆ ಜಪಾನಿನ ಫುಕುಶಿಮಾ ಅಣುವಿದ್ಯುತ್ ಕೇಂದ್ರವೇ ಸಾಕ್ಷಿ. ಅಲ್ಲಿನ ರಕ್ಷಣಾ ವ್ಯವಸ್ಥೆ 5.7 ಮೀಟರ್ ಎತ್ತರದ ಸುನಾಮಿಯನ್ನಷ್ಟೇ ಎಣಿಸಿತ್ತು. ನೀರು 15.7 ಮೀಟರ್‌ವರೆಗೂ ಏರಬಹುದೆಂದು ಕೇಂದ್ರವನ್ನು ನಡೆಸುತ್ತಿದ್ದ ಟೆಪ್ಕೊ ಸಂಸ್ಥೆಯದೇ ಲೆಕ್ಕಾಚಾರ 2008ರಲ್ಲಿ ತೋರಿಸಿತು. ಇನ್ನಷ್ಟು ಅಧ್ಯಯನವಾಗಲೆಂದು ಪರಿಹಾರ ಕಾರ್ಯವನ್ನು ಮುಂದೂಡಲಾಯಿತು. 2011ರ ಮಾರ್ಚ್ 11ರಂದು ಸಮುದ್ರ ಒಳನುಗ್ಗಿತು. ನೆಲಮಾಳಿಗೆಯ ಜನರೇಟರುಗಳು ಮುಳುಗಿ, ತಂಪುಗೊಳಿಸುವ ವ್ಯವಸ್ಥೆ ಸ್ಥಗಿತಗೊಂಡು, ಮೂರು ರಿಯಾಕ್ಟರುಗಳ ಇಂಧನ ಕರಗಿತು.

ನಮ್ಮ ಕೈಗಾ ಕೇಂದ್ರವೂ ಕಾಳಿ ನದಿಯ ದಡದಲ್ಲಿದೆ. ನದಿಯ ಮೇಲ್ಭಾಗದಲ್ಲಿ ಸೂಪಾ, ಕೊಡಸಳ್ಳಿ ಅಣೆಕಟ್ಟುಗಳಿವೆ. ಅತಿವೃಷ್ಟಿಯಾದರೆ, ಅಣೆಕಟ್ಟು ಒಡೆದರೆ ನೀರು ಎಲ್ಲಿಯವರೆಗೆ ಏರೀತೆಂದು ಗಣಕಯಂತ್ರದಲ್ಲಿ ಮುಂಚಿತವಾಗಿ ಪರೀಕ್ಷಿಸುವ ವಿಜ್ಞಾನ ಇಂದು ಲಭ್ಯವಿದೆ. ಅದರ ಫಲಿತಾಂಶ ನದೀತೀರದ ಜನರಿಗೂ ತಿಳಿಯಬೇಕು. ಅದು ಸೂಚಿಸಿದ ಕಾರ್ಯ ತಡವಿಲ್ಲದೆ ನಡೆಯಬೇಕು. ಲೋಕಹಿತ ಬಯಸುವ ನಾವೆಲ್ಲರೂ ಅದನ್ನು ಕೇಳಬೇಕು.