ಕಾವು ಕೊಡಲಾರದವರು ಹಲ್ಲಿ ಸಾಕಬೇಡಿ

ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವ, ಮೈಮೇಲೆ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ನಮಗೆ, ದುಡ್ಡು ಕೊಟ್ಟು ಹಲ್ಲಿ ಸಾಕುತ್ತಾರೆಂದರೆ ನಗು ಬರುತ್ತದೆ. ಆದರೆ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಲೆಪರ್ಡ್ ಗೆಕೊ ಎಂಬ ಚುಕ್ಕೆ ಹಲ್ಲಿಯನ್ನು ಮುದ್ದಿನಿಂದ ಸಾಕುತ್ತಾರೆ. ಮಿನಿಯಾಪೊಲಿಸ್‌ನಲ್ಲಿರುವ ನನ್ನ ಮಗಳ ಮನೆಯಲ್ಲೂ ಒಂದಿದೆ. ಸಾಕುವುದಕ್ಕೆ ನನ್ನ ತಕರಾರಿಲ್ಲ. ಸರಿಯಾದ ಕಾವು ಕೊಡದೆ ಸಾಕುವುದಕ್ಕೆ ಇದೆ.

ಇದರ ತವರು ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುನೆಲ. ಹಗಲು ಬಿರುಕಿನಲ್ಲಿ ಅಡಗಿದ್ದು, ಮುಸ್ಸಂಜೆಗೆ ಹೊರಬಂದು, ಕಾದ ಬಂಡೆಗೆ ಹೊಟ್ಟೆ ತಾಗಿಸಿಕೊಳ್ಳುವ ಜೀವ. ನಮ್ಮ ಮೈಯೊಳಗೇ ಒಲೆ ಇದೆ. ಅದಕ್ಕೆ ಹೊರಗಿನ ಕಾವೇ ಒಲೆ. ಕಾವು ಸಾಲದಿದ್ದರೆ ತಿಂದ ಹುಳು ಅರಗುವುದಿಲ್ಲ. ಊಟ ಬಿಡುತ್ತದೆ. ಕೊಬ್ಬು ಕೂಡಿಟ್ಟುಕೊಂಡ ದಪ್ಪ ಬಾಲ ಸೊರಗುತ್ತದೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ಕೂಡ ಮೊಟ್ಟೆಗೆ ಸಿಕ್ಕ ಕಾವೇ ನಿರ್ಧರಿಸುತ್ತದೆ: 26 ಡಿಗ್ರಿಯ ಸುಮಾರಿಗೆ ಹೆಚ್ಚಾಗಿ ಹೆಣ್ಣು, 32ರ ಸುಮಾರಿಗೆ ಹೆಚ್ಚಾಗಿ ಗಂಡು.

"ಮನೆಗೆಲ್ಲ ಹೀಟರ್ ಇದೆ, ನಮಗೆ ಸಾಕಾದದ್ದು ಹಲ್ಲಿಗೆ ಸಾಲದೇ?" ಎನ್ನುವವರಿದ್ದಾರೆ. ಸಾಲದು. ನಮಗೆ ಹಿತವಾದ 21 ಡಿಗ್ರಿ ಅದಕ್ಕೆ ರಾತ್ರಿಯ ತಂಪು ಮಾತ್ರ. ಗಾಜಿನ ಪೆಟ್ಟಿಗೆಯ ಒಂದು ತುದಿಯ ನೆಲ 32ರ ಆಸುಪಾಸಿನಲ್ಲಿರಬೇಕು, ಇನ್ನೊಂದು ತುದಿ 24ರಿಂದ 26. ಎರಡೂ ಕಡೆ ಅಡಗಲು ಗೂಡಿರಬೇಕು. ಎಲ್ಲಿರಬೇಕೆಂದು ಹಲ್ಲಿಯೇ ಆರಿಸಿಕೊಳ್ಳುತ್ತದೆ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯನ್ನು ಎಷ್ಟು ದೂರಕ್ಕೆ ಸರಿಸಬೇಕೆಂದು ತಿಳಿದಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ!

ಕಾವು ಕೊಡದವರದು ಒಂದು ತಪ್ಪಾದರೆ, ಅಳತೆಯಿಲ್ಲದೆ ಕೊಡುವವರದು ಇನ್ನೊಂದು. ಮಗಳಿಗೆ ಹಲ್ಲಿ ಮಾರಿದ ಅಂಗಡಿಯವನು ಜೊತೆಗೆ ಕರೆಂಟಿನ 'ಬಿಸಿ ಕಲ್ಲ'ನ್ನೂ ಕಟ್ಟಿಕೊಟ್ಟ. ಥರ್ಮೋಸ್ಟಾಟಿನ ಮಾತೇ ಎತ್ತಲಿಲ್ಲ. ಇಂಥ ಕಲ್ಲು ಒಂದೇ ಜಾಗದಲ್ಲಿ ಕೆಂಡದಂತೆ ಕಾಯಬಹುದು. ಎಷ್ಟೋ ಸಲ ಹೊಟ್ಟೆಯ ಚರ್ಮ ಸುಡುವವರೆಗೂ ಹಲ್ಲಿ ಮೇಲೇಳುವುದಿಲ್ಲ. ಅಡಿಗೆ ಹಾಸುವ ಹೀಟ್ ಮ್ಯಾಟ್ ಆಗಲಿ, ಮೇಲಿನ ದೀಪವಾಗಲಿ, ಥರ್ಮೋಸ್ಟಾಟ್ ಇಲ್ಲದಿದ್ದರೆ ನಂಬುವಂತಿಲ್ಲ. ಅದು ದುಬಾರಿಯಂತೆ! ಅಪರೂಪದ ಬಣ್ಣದ ತಳಿಗೆ ನೂರಾರು ಡಾಲರ್ ಸುರಿಯುವವರ ಬಾಯಲ್ಲಿ ಈ ಮಾತು ಒಪ್ಪುತ್ತದೆಯೇ, ನೀವೇ ಹೇಳಿ.

ಇನ್ನು ದುಡಿಮೆ ಯಾರದು? ಹಟ ಹಿಡಿದು ಕೊಡಿಸಿಕೊಳ್ಳುವುದು ಮಕ್ಕಳು. ಹುಳು ಹಾಕಿ, ಪೆಟ್ಟಿಗೆ ಒರೆಸಿ, ಕಾವು ನೋಡುವುದು ಅಮ್ಮ. ಈ ಹಲ್ಲಿ 15ರಿಂದ 20 ವರ್ಷ ಬಾಳುತ್ತದೆ. ಹತ್ತರ ಹುಡುಗ ತಂದದ್ದು, ಅವನು ಕೆಲಸಕ್ಕೆ ಸೇರಿ ಬೇರೆ ಊರಿಗೆ ಹೋದ ಮೇಲೂ ಅಮ್ಮನ ಪಾಲಿಗೇ ಉಳಿಯುತ್ತದೆ. ಆದ್ದರಿಂದ ಕರಾರು ಹಾಕುವ ಹಕ್ಕೂ ಅವಳದೇ. ಮೊದಲು ಪೆಟ್ಟಿಗೆ, ಹೀಟರ್, ಥರ್ಮೋಸ್ಟಾಟ್ ಬರಲಿ. ಒಂದು ವಾರ ಎರಡೂ ತುದಿಗಳ ಕಾವನ್ನು ಹುಡುಗನೇ ಅಳೆದು ಬರೆದಿಡಲಿ. ಲೆಕ್ಕ ಸರಿಬಂದರೆ ಹಲ್ಲಿ ಬರಲಿ. ಬರದಿದ್ದರೆ, ಗೋಡೆಯ ಮೇಲೆ ಪುಕ್ಕಟೆ ಓಡಾಡುವ ಹಲ್ಲಿಗಳನ್ನು ನೋಡಿಕೊಂಡು ಸುಖವಾಗಿರಲಿ.