ಮಕ್ಕಳ ತಲೆಯ ಹೇನು: ನಾಚಿಕೆ ಬೇಡ, ತಾಳ್ಮೆ ಬೇಕು

ಮನೆಯವರಿಗೆಲ್ಲ ತಿಳಿದಿದ್ದರೂ ಯಾರೂ ಬಾಯಿಬಿಟ್ಟು ಹೇಳದ ತೊಂದರೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳ ತಲೆಯ ಹೇನೂ ಒಂದು. ನೆರೆಹೊರೆಯವರು ಏನೆಂದುಕೊಂಡಾರೋ ಎಂಬ ಸಂಕೋಚದಿಂದ ಇದನ್ನು ಮರೆಮಾಚುವವರೇ ಹೆಚ್ಚು. ಮರೆಮಾಚಿದಷ್ಟೂ ಅದು ಹಬ್ಬುತ್ತದೆ. ಆದುದರಿಂದ ಈ ತಿಂಗಳು ಈ ವಿಷಯವನ್ನೇ ವಿಚಾರಕ್ಕೆ ಎತ್ತಿಕೊಳ್ಳುವುದು ಯುಕ್ತವೆನಿಸುತ್ತದೆ.

ಹೇನು ಮನುಷ್ಯನಿಗೆ ಬಹು ಪ್ರಾಚೀನ ಕಾಲದಿಂದಲೂ ಅಂಟಿಬಂದಿದೆ. ಇಸ್ರೇಲಿನ ಲಾಕಿಷ್ ಎಂಬ ಪುರಾತನ ನಗರದ ಉತ್ಖನನದಲ್ಲಿ 2016ರಲ್ಲಿ ದೊರೆತ ಪುಟ್ಟದೊಂದು ದಂತದ ಬಾಚಣಿಗೆಯ ಮೇಲಿನ ಬರಹವನ್ನು ವಿದ್ವಾಂಸರು 2022ರಲ್ಲಿ ಪ್ರಕಟಿಸಿದರು. ಸುಮಾರು 3700 ವರ್ಷಗಳಷ್ಟು ಹಳೆಯದೆಂದು ಎಣಿಸಲಾದ ಆ ಬರಹದ ಆಶಯವಾದರೂ ಏನು? ಕೂದಲು ಗಡ್ಡಗಳ ಹೇನು ನಿರ್ಮೂಲವಾಗಲಿ ಎಂಬುದೇ! ದಂತದ ಬಾಚಣಿಗೆಯನ್ನು ಕೊಳ್ಳಬಲ್ಲ ಸಿರಿವಂತರಿಗೂ ಈ ಕಾಟ ತಪ್ಪಿರಲಿಲ್ಲ. ದಿನವೂ ಮೀಯುವ ಮಗುವಿನ ಸ್ವಚ್ಛವಾದ ಕೂದಲಿನಲ್ಲಿಯೂ ಹೇನು ನೆಲೆಸಬಲ್ಲುದು. ಇದನ್ನು ಬಡತನಕ್ಕೋ ಕೊಳಕಿಗೋ ಗಂಟುಹಾಕಿ ತಾಯಿಯನ್ನು ದೂಷಿಸುವುದು ಅನ್ಯಾಯ.

ಎಳ್ಳಿನ ಕಾಳಿನಷ್ಟಿರುವ ಈ ಜೀವಿ ಹಾರಲಾರದು, ನೆಗೆಯಲಾರದು, ಕೇವಲ ತೆವಳುತ್ತದೆ. ಒಂದೇ ಬೆಂಚಿನಲ್ಲಿ ತಲೆಗೆ ತಲೆ ತಾಗಿಸಿ ಕುಳಿತಾಗ, ಒಂದೇ ಹಾಸಿಗೆಯಲ್ಲಿ ಮಲಗಿದಾಗ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ತಲೆಯಿಂದ ಕೆಳಗೆ ಬಿದ್ದರೆ ರಕ್ತ ಸಿಗದೆ ಒಂದೆರಡು ದಿನಗಳಲ್ಲಿ ಸಾಯುತ್ತದೆ. ತಲೆಯ ಹೇನಿನಿಂದ ರೋಗ ಹರಡುವುದೆಂಬ ಭಯವೂ ಬೇಡ. ಟೈಫಸ್ ಜ್ವರವನ್ನು ಹರಡುವುದು ಬಟ್ಟೆಯಲ್ಲಿ ವಾಸಿಸುವ ಕೂರೆ. ಇದನ್ನು ಚಾರ್ಲ್ಸ್ ನಿಕೋಲ್ ಎಂಬ ಫ್ರೆಂಚ್ ವಿಜ್ಞಾನಿ 1909ರಲ್ಲಿ ತೋರಿಸಿಕೊಟ್ಟನು. ಆದರೂ ತಲೆಯ ಹೇನನ್ನು ಉಪೇಕ್ಷಿಸುವಂತಿಲ್ಲ. ತುರಿಕೆಯಿಂದ ಮಗುವಿನ ನಿದ್ರೆ ಕೆಡುತ್ತದೆ, ಪಾಠದ ಮೇಲಿನ ಗಮನ ತಪ್ಪುತ್ತದೆ. ಕೆರೆದ ಗಾಯ ಕೀವಾಗುವುದೂ ಉಂಟು.

ಒಮ್ಮೆ ಔಷಧ ಹಚ್ಚಿದರೂ ಹೇನು ಮತ್ತೆ ಏಕೆ ಕಾಣಿಸುತ್ತದೆ? ಕಾರಣ ಸೀರು. ಬುಡದ ಸಮೀಪ ಕೂದಲಿಗೆ ಅಂಟಿಕೊಂಡ ಈ ಮೊಟ್ಟೆಗಳು 7ರಿಂದ 10 ದಿನಗಳಲ್ಲಿ ಒಡೆಯುತ್ತವೆ. ಅನೇಕ ಔಷಧಗಳು ಹೇನನ್ನು ಕೊಂದರೂ ಸೀರನ್ನು ಪೂರ್ಣವಾಗಿ ಕೊಲ್ಲಲಾರವು. ಶೇಕಡಾ 1ರ ಪರ್ಮೆಥ್ರಿನ್ ದ್ರಾವಣವನ್ನು ತೊಳೆದು ಒರೆಸಿದ ಕೂದಲಿಗೆ ಹಚ್ಚಿ, 10 ನಿಮಿಷಗಳ ಬಳಿಕ ತೊಳೆದು, ಸುಮಾರು 9 ದಿನಗಳ ನಂತರ ಮತ್ತೊಮ್ಮೆ ಹಚ್ಚಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಇಂಥ ಔಷಧವನ್ನು ವೈದ್ಯರನ್ನು ಕೇಳಿಯೇ ಬಳಸತಕ್ಕದ್ದು. ಎಳೆಯ ಕೂಸುಗಳ ವಿಷಯದಲ್ಲಂತೂ ಸ್ವಂತ ಪ್ರಯೋಗ ಸಲ್ಲದು.

ಔಷಧದ ಜೊತೆಗೆ ನಮ್ಮ ಅಜ್ಜಿಯರ ಸೀರಣಿಗೆಯನ್ನು ಮರೆಯಬಾರದು. ಕೂದಲನ್ನು ನೆನೆಸಿ, ಎಣ್ಣೆ ಸವರಿ, ಸಿಕ್ಕು ಬಿಡಿಸಿ, ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ ಬುಡದಿಂದ ತುದಿಯವರೆಗೆ ಬಾಚಬೇಕು. ಪ್ರತಿ ಸಲವೂ ಬಾಚಣಿಗೆಯನ್ನು ಬಿಳಿಯ ಬಟ್ಟೆಗೆ ಒರೆಸಿ ನೋಡಬೇಕು. ಮೂರು ನಾಲ್ಕು ದಿನಗಳಿಗೊಮ್ಮೆ ಹೀಗೆ ಎರಡು ಮೂರು ವಾರ ನಡೆಸಬೇಕು. ಒಂದೇ ದಿನ ಮನೆಮಂದಿಯ ತಲೆಗಳನ್ನೆಲ್ಲ ಪರೀಕ್ಷಿಸುವುದು ಅವಶ್ಯ. ದಿಂಬಿನ ಹೊದಿಕೆ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು.

ಇನ್ನು ಕೆಲವು ಅವಿವೇಕದ ಉಪಾಯಗಳಿವೆ. ಸೀಮೆಎಣ್ಣೆ ಸುರಿದ ತಲೆಗೆ ಒಂದು ಕಿಡಿ ತಾಗಿದರೂ ಪ್ರಾಣಕ್ಕೆ ಸಂಚಕಾರ. ಬೆಳೆಗೆ ಹೊಡೆಯುವ ಕೀಟನಾಶಕ ಚರ್ಮದ ಮೂಲಕ ದೇಹವನ್ನು ಸೇರುವ ವಿಷ. ಸೀತಾಫಲದ ಬೀಜದ ಪುಡಿಯನ್ನು ಮನೆಮದ್ದೆಂದು ನಂಬಿದವರು ಬಹಳ. ಅದು ಕಣ್ಣಿಗೆ ಬಿದ್ದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ತೀವ್ರವಾದ ಗಾಯವಾಗುತ್ತದೆ. ಇವುಗಳನ್ನು ಎಂದಿಗೂ ಬಳಸಬಾರದು.

ಕೊನೆಯದಾಗಿ ಶಿಕ್ಷಕರಲ್ಲಿ ಒಂದು ವಿನಂತಿ. ಹೇನಿರುವ ಹುಡುಗಿಯನ್ನು ತರಗತಿಯ ಎದುರು ನಿಲ್ಲಿಸುವುದಾಗಲಿ, ಬೇರೆ ಕೂರಿಸುವುದಾಗಲಿ, ಮನೆಗೆ ಅಟ್ಟುವುದಾಗಲಿ ತರವಲ್ಲ. ಹೇನಿನ ಕಾರಣಕ್ಕೆ ಮಗು ಪಾಠ ತಪ್ಪಿಸಿಕೊಳ್ಳಬಾರದೆಂದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2022ರ ತನ್ನ ವರದಿಯಲ್ಲಿ ಹೇಳಿದೆ. ತಾಯಿತಂದೆಗಳಿಗೆ ಗುಟ್ಟಾಗಿ ತಿಳಿಸಿದರಾಯಿತು. ಹಾಗೆಯೇ ಹಿರಿಯರು ಸಿಟ್ಟಿನ ಭರದಲ್ಲಿ ಮಗಳ ಜಡೆಯನ್ನು ಕತ್ತರಿಸದಿರಲಿ. ತಲೆಯ ಹೇನು ಮೂರು ವಾರಗಳಲ್ಲಿ ಹೋದೀತು. ಎಳೆಯ ಮನಸ್ಸಿಗೆ ತಗುಲಿದ ಅವಮಾನ ಅಷ್ಟು ಸುಲಭವಾಗಿ ಹೋಗದು. ಮಗುವನ್ನು ಮಡಿಲ ಬಳಿ ಕೂರಿಸಿಕೊಂಡು, ಒಂದೆರಡು ಒಳ್ಳೆಯ ಮಾತನಾಡುತ್ತ ತಲೆ ಬಾಚುವ ತಾಯಿ ಆ ಎರಡನ್ನೂ ದೂರವಿಡುತ್ತಾಳೆ.